ನೆರಳಿನ ಬಾಡಿಗಿ

ರಹಮತಬಿ ಮನಿ ಮ್ಯಾಲ ಮನಿ ಕಟ್ಟಿಸಿದಳು,
ನಮ್ಮ ಹಿತ್ತಲದ ಬಿಸಲೆಲ್ಲ ಮುಚ್ಚಿಹೋತು.
ಬದನಿ ಸೊರಗಿತು. ಮೆಣಸಿನಗಿಡ
ಎರಡು ಹೂ ಬಿಟ್ಟು ಸುಮ್ಮನಾತು.
ನಾ ಸುಮ್ಮನಾಗಲಿಲ್ಲ.

ಒಂದು ವರ್ಷ ಗ್ವಾಡಿಗಿ ಮಾರಿ ಮಾಡಿ ಬೈದೆ.

ಆಮ್ಯಾಲ, ಬಚ್ಚಲ ನೀರು ಹರಿಯೋ ಕಡಿ,
ಪರಸಿಕಲ್ಲಿನ ಸಂದಿಯೊಳಗ
ಯಾರೂ ಹಚ್ಚದ ಹೊನಗೊನ್ನಿ.
ಕಸ ಅಂತ ಕಿತ್ತೆ; ಬಂತು.
ಮತ್ತ ಕಿತ್ತೆ; ಮತ್ತ ಬಂತು.
ಸೋತು, ಬಳ್ಳೊಳ್ಳಿ ಜಜ್ಜಿ ಹಾಕಿ ತಿಂದೆ.

ಈಗ ಹಳ್ಳದ ದಂಡಿಂದ ತಂದ ಒಂದೆಲಗ ಅದ,
ಪೈಪು ಹಿಡದು ಕಾಡತೊಂಡಿ ಏರ್ಯಾದ,
ಬ್ಯಾಸಗ್ಯಾಗ ಸತ್ತಂಗ ಮಾಡಿ
ಬೇರಿನಾಗ ಉಸುರು ಹಿಡದು ಕುಂಡರತಾದ.
ಬೀಜ ಬ್ಯಾಡ, ಸಾಲು ಬ್ಯಾಡ,
ಬುಡ ಬಿಟ್ಟು ಚಿವುಟಬೇಕು, ಅಷ್ಟೇ.

ಮೇ ತಿಂಗಳು. ಶಾಬಾದದ ಕಲ್ಲು
ನಡುರಾತ್ರಿ ತನಕ ಬಿಸಿ ಉಗುಳತಾವ.
ಊರೆಲ್ಲ ನೆರಳು ಹುಡುಕತಾದ,
ನನ್ನ ಹತ್ತರ ಎರಡು ಅಂತಸ್ತಿನಷ್ಟು ಅದ.

ಇವತ್ತು ಮ್ಯಾಲಿನ ಕಿಟಕಿಯಿಂದ
ಆಕಿ ಇಳಿಬಿಟ್ಟ ಹಗ್ಗದ ಚೀಲದಾಗ
ಒಂದು ಸೂಡು ಪಲ್ಯ ಇಟ್ಟೆ.
“ಎಷ್ಟು ಕೊಡಲಿ?” ಅಂದಳು.
“ಬಾಡಿಗಿ,” ಅಂದೆ.
ತಿಳೀಲಿಲ್ಲ ಆಕಿಗಿ.
“ತೊಗರಿಬ್ಯಾಳಿ ಹಾಕಬೇಕೋ, ಬ್ಯಾಡೋ?”
ಅಂತ ಒದರಿದಳು.