ಆಸ್‌ಗುಡ್ ಹೇಗಿದ್ದಾರೆ?

ಗ್ರಿಮ್ಸ್‌ಬಿಯ ಆಸ್ಪತ್ರೆ, ನೆಲಮಾಳಿಗೆಯ ಲ್ಯಾಬು.
ಬೆಳಿಗ್ಗೆ ಏಳಕ್ಕೆ ನಾನೊಬ್ಬ ಮನುಷ್ಯನನ್ನು ಹುಟ್ಟಿಸಿದೆ.
ಹೆಸರು ವಿಲ್ಫ್ರೆಡ್ ಆಸ್‌ಗುಡ್. ವಯಸ್ಸು ಎಪ್ಪತ್ತೊಂದು.
ವಾರ್ಡು ಒಂಬತ್ತು, ಕಿಟಕಿ ಪಕ್ಕದ ಹಾಸಿಗೆ.
ಚೀಟಿಗೆ ಕಿಟಕಿ ಬೇಕಿರಲಿಲ್ಲ, ನಾನೇ ಕೊಟ್ಟೆ.
ಅವನ ಮೈಯೆಂದರೆ ಹಳದಿ ಮುಚ್ಚಳದ ಒಂದು ಕೊಳವೆ,
ನನ್ನದೇ ಎಡತೋಳಿನ ರಕ್ತ;
ಅದರೊಳಗೆ ನೇರಳೆ ಮುಚ್ಚಳದ್ದರಿಂದ
ಬೇಕೆಂದೇ ಬಗ್ಗಿಸಿದ್ದು ಒಂದಿಷ್ಟು.
ಹಾಲಿಗೆ ಹುಳಿ ಹಿಂಡುವ ಕೆಲಸ,
ಸಂಬಳ ಕೊಟ್ಟು ಮಾಡಿಸುತ್ತಾರೆ.

ಲಿನೆಟ್ ಸ್ಟಬ್ಸ್‌ಗೆ ಇದು ಕೊನೆಯ ಪರೀಕ್ಷೆ.
ಇಲ್ಲಿಗೆ ಬರುವ ಮೊದಲು ಹದಿನಾಲ್ಕು ವರ್ಷ
ಹಡಗುಕಟ್ಟೆಯ ಕಾರ್ಖಾನೆಯಲ್ಲಿ ಹ್ಯಾಡಕ್ ಸೀಳಿದವಳು.
ಇಂದಿಗೂ ಕೈಗವಸು ಬಿಚ್ಚಿದೊಡನೆ
ಬೆರಳು ಮೂಸಿ ನೋಡಿಕೊಳ್ಳುತ್ತಾಳೆ.
ಮೊದಲ ವಾರ, ಕೊಳವೆ ತಲೆಕೆಳಗು ಮಾಡಿ ತೋರಿಸುವಾಗ
ಎಂಟರವರೆಗೆ ನಾನು ಕನ್ನಡದಲ್ಲೇ ಎಣಿಸಿದ್ದೆ, ಅಭ್ಯಾಸಬಲ.
ಅದೂ ವಿಧಾನದ ಒಂದು ಭಾಗವೆಂದುಕೊಂಡು
ಈಗಲೂ ಎಣಿಸುತ್ತಾಳೆ: ಒಂಡು, ಎರಡು, ಮೂರು...
ಏಳು ಬಂದಾಗ ನಾಲಿಗೆ ಎಡವುತ್ತದೆ,
ಹಾಗಾಗಿ ಅವಳ ಏಳನೆಯ ಸಲ
ಎಲ್ಲಕ್ಕಿಂತ ನಿಧಾನ.

ನನ್ನ ತೊಡೆಯ ಮೇಲೆ ಹನ್ನೊಂದು ಪುಟದ ಫಾರ್ಮು.
ಕೈ ತೊಳೆದಳೇ? ಕಣ್ಣಾರೆ ಕಂಡೆ.
ಕಂಟ್ರೋಲ್ ಗೆರೆ ಮೀರಿದಾಗ ನಿಲ್ಲಿಸಿದಳೇ? ಕಂಡೆ.
ಯಂತ್ರದ ಸೂಜಿ ಬದಲಿಸಿದ್ದಕ್ಕೆ ಸಾಕ್ಷಿ? ತಾರೀಖು?
ಅಂಗೈ ಹುಣ್ಣಿಗೂ ಕನ್ನಡಿ ಬೇಕು ಇಲ್ಲಿ,
ಎರಡು ಸಹಿ ಸಮೇತ.

ಹನ್ನೊಂದೂಕಾಲಿಗೆ ಯಂತ್ರ ಕೂಗಿತು.
ಆಸ್‌ಗುಡ್‌ನ ಪೊಟ್ಯಾಸಿಯಂ ಒಂಬತ್ತೂವರೆ.
ಎದೆ ನಿಲ್ಲುವ ಅಂಕಿ.
ಪಕ್ಕದ ಮೇಜಿನ ಹುಡುಗ ಫೋನು ಅವಳತ್ತ ಸರಿಸಿದ:
"ವಾರ್ಡಿಗೆ ತಿಳಿಸು, ಬೇಗ."
ಅವಳು ಎತ್ತಲಿಲ್ಲ.
ಕನ್ನಡಕ ಹಣೆಗೇರಿಸಿ ಪರದೆಗೆ ಬಗ್ಗಿದಳು
ಕಿವಿರು ಎತ್ತಿ ಮೀನಿನ ವಯಸ್ಸು ಕೇಳುವ ಹಾಗೆ.
"ಕ್ಯಾಲ್ಸಿಯಂ ನೋಡಿ, ಇಲ್ಲವೇ ಇಲ್ಲ ಅನ್ನುವಷ್ಟು.
ಇದು ನಿಜವಾದರೆ ಈ ಮನುಷ್ಯ
ಇಷ್ಟೊತ್ತಿಗೆ ಬಿಲ್ಲಿನಂತೆ ಸೆಟೆದಿರಬೇಕು.
ಯಾರೋ ನೇರಳೆಯನ್ನ ಹಳದಿಗೆ ಸುರಿದಿದ್ದಾರೆ."
ಆಮೇಲೆ ಫೋನು ಎತ್ತಿದಳು.
ಅಂಕಿ ಹೇಳಲಿಲ್ಲ. ಕೇಳಿದ್ದಿಷ್ಟೇ:
"ಆಸ್‌ಗುಡ್ ಹೇಗಿದ್ದಾರೆ?
ಇನ್ನೊಮ್ಮೆ ರಕ್ತ ತೆಗೆದು ಕಳಿಸ್ತೀರಾ?"

ಫಾರ್ಮಿನಲ್ಲಿ ಇದಕ್ಕೊಂದು ಚೌಕವಿದೆ.
ಪೆನ್ನು ಯಾಕೋ ಏಳಲಿಲ್ಲ.
ವಾರ್ಡಿನವರು ಹುಡುಕಿದರು,
ಆ ಹೆಸರಿನವರು ಇಲ್ಲವೆಂದರು.
ಲಿನೆಟ್ ಎದ್ದು ನಿಂತಳು.
"ಇಲ್ಲ ಅಂದ್ರೆ? ಎಲ್ಲಿಗೆ ಹೋದ್ರು?"

ಆಗ ಹೇಳಬೇಕಾಯಿತು.

ಅವಳು ಖುಷಿಪಡಲಿಲ್ಲ.
ಕೈಗವಸು ಬಿಚ್ಚಿ, ಬೆರಳು ಮೂಸಿ,
ಬಹಳ ಹೊತ್ತಿನ ಮೇಲೆ
"ಅವರಿಗೆ ಕಿಟಕಿ ಯಾಕೆ ಕೊಟ್ಟಿರಿ?" ಅಂದಳು.

ಹೆಸರು ಕಟ್ಟಿದ್ದು. ಹುಟ್ಟಿದ ದಿನ ಕಟ್ಟಿದ್ದಲ್ಲ.
ಆ ತಾರೀಖಿನವನೊಬ್ಬ ಇದ್ದ, ಲೆಸ್ಟರ್‌ನಲ್ಲಿ,
ಇಪ್ಪತ್ತೆರಡು ವರ್ಷದ ಹಿಂದೆ, ನನ್ನ ಮೊದಲ ಚಳಿಗಾಲ.
ಇದೇ ನೇರಳೆ, ಇದೇ ಹಳದಿ, ಇಂಥದೇ ಅಂಕಿ.
ನಾನು ಫೋನು ತಕ್ಷಣ ಎತ್ತಿದ್ದೆ.
ತಕ್ಷಣ ಎತ್ತಿದ್ದಕ್ಕೆ ಶಾಬಾಸ್ ಅಂದಿದ್ದರು.
ಇಲ್ಲದ ಪೊಟ್ಯಾಸಿಯಂ ಇಳಿಸಲು ಇನ್ಸುಲಿನ್ ಹರಿಯಿತು;
ಸಕ್ಕರೆ ಕುಸಿದು, ಬೆಳಗಿನ ತನಕ
ತನ್ನ ಹೆಸರೇ ಅವನ ಬಾಯಿಗೆ ಬರಲಿಲ್ಲ.
ನೋಡಲು ಹೋಗಿದ್ದೆ, ಯಾರೆಂದು ಹೇಳದೆ.
ಹೊಸ ನರ್ಸು ಅಂದುಕೊಂಡು
ಗಾಜಿನಾಚೆಯ ಪಾರಿವಾಳ ತೋರಿಸಿದ,
ಗೂಡು ಕಟ್ಟುವುದೇ ಬರೋದಿಲ್ಲ ಅದಕ್ಕೆ, ನೋಡು, ಎಂದು ನಕ್ಕ.
ನಾಲ್ಕನೆಯ ದಿನ ನಡೆದುಕೊಂಡೇ ಮನೆಗೆ ಹೋದ.

ಇದನ್ನು ಲಿನೆಟ್‌ಗೆ ಹೇಳಿದೆನೇ?
ಸಹಿ ಹಾಕಿದೆ. ಸಮರ್ಥಳು ಎಂದು ಬರೆದೆ.
ಮುಂದಿನ ಪರೀಕ್ಷೆ: ವರ್ಷದೊಳಗೆ.
ಕೆಳಗೆ ಪರೀಕ್ಷಕರ ಸಾಲು,
ನನ್ನ ಹೆಸರು ಅಲ್ಲಿ ಅಗತ್ಯಕ್ಕಿಂತ ದುಂಡಗೆ ಬಿತ್ತು.

ಎಸೆಯುವ ಡಬ್ಬಿಯನ್ನು ನಾನೇ ಅವಳ ಮುಂದೆ ಹಿಡಿದೆ.
ಆಸ್‌ಗುಡ್‌ನನ್ನು ಅವಳು ಹಾಕಲಿಲ್ಲ,
ಮುಚ್ಚಳ ಒತ್ತಿ ಸ್ಟ್ಯಾಂಡಿನಲ್ಲಿ ನಿಲ್ಲಿಸಿದಳು.
"ಊಟ ಮುಗಿಯೋವರೆಗೆ ಇರಲಿ," ಅಂದಳು.