ಮುಟ್ಟದ ಸಾಲು

ನಮ್ಮ ದ್ವೀಪಗಳಲ್ಲಿ ಯಾರಿಗೆ ಯಾರು ಏನೂ ಆಗದವರು?
ತ್ವೋರೊಯ್ರಿಯಲ್ಲಿ ಸೀನಿದರೆ
ಕ್ಲಾಕ್ಸ್‌ವೀಕ್‌ನಲ್ಲಿ ಅತ್ತೆಯೊಬ್ಬಳು ‘ನೂರ್ಕಾಲ ಬಾಳು’ ಅನ್ನುತ್ತಾಳೆ.
ಇಂಥಲ್ಲಿ ಕೂತು ಹನ್ನೊಂದು ವರ್ಷದಿಂದ
ಎಲ್ಲರೂ ಸೇರಿ ಬರೆಯುವ ವಿಶ್ವಕೋಶ ತಿದ್ದುತ್ತೇನೆ ನಾನು, ರನ್‌ವಾ,
ಹಗಲು ಮೀನು ಕಾರ್ಖಾನೆಯಲ್ಲಿ ತೂಕದ ಚೀಟಿ ಬರೆಯುವವಳು.

ಮೊದಲು ಬಂದದ್ದು ಮ್ಯಾನೇಜರು, ಕಾಫಿ ಹಿಡಿದು:
‘ಆ ಅಮೋನಿಯ ಸೋರಿದ್ದು, ಒಂದೇ ಸಾಲು,
ನಿನಗೆ ಗೊತ್ತಲ್ಲ ಅಳಿಸೋದು ಹೇಗೆ.’
ಗೊತ್ತು. ಉಪ್ಪುಮೀನಿನ ಕಾರ್ಖಾನೆ;
ಉಪ್ಪಿನ ಋಣ ನಮ್ಮಲ್ಲಿ ಬರೀ ಮಾತಲ್ಲ.
ಆದರೂ ನಕ್ಕು ಹೇಳಿದೆ: ಸಂಬಳ ಕೊಡುವ ಕೈಯ ಬಗ್ಗೆ
ತಗೊಳ್ಳುವ ಕೈ ಬರೆಯಬಾರದು.
ಸುಲಭವಿತ್ತು. ಕಾಫಿ ಆರುವ ಮೊದಲೇ ಮುಗಿಯಿತು.

ಕಷ್ಟವಾದದ್ದು ಆಮೇಲೆ, ಫೆಬ್ರವರಿಯ ಒಂದು ರಾತ್ರಿ,
‘ಸೂಲಾನ್’ ಹಡಗಿನ ಪುಟದಲ್ಲಿ ಯಾರೋ ಸೇರಿಸಿದ್ದರು:
“ಕಪ್ತಾನ ನಿದ್ದೆಹೋಗಿದ್ದ, ಮೂವರು ಸತ್ತರು”
ಆಧಾರವಿದೆ. ಎಂಬತ್ತೇಳರ ಪತ್ರಿಕೆ, ಪುಟ ಎರಡು.
ತಪ್ಪೇನಿಲ್ಲ. ಕೊನೆಗೊಂದು ಚುಕ್ಕಿ ಬಿಟ್ಟುಹೋಗಿದೆ, ಅಷ್ಟೆ.

ಅಪ್ಪ ಮೂವತ್ತೆರಡು ಗಂಟೆ ಚುಕ್ಕಾಣಿ ಬಿಟ್ಟಿರಲಿಲ್ಲ.
ಇನ್ನೊಬ್ಬ ಆಳು ಬೇಕೆಂದು ಮಾಲೀಕನಿಗೆ ಬರೆದ ಕಾಗದದ ನಕಲು
ಹೊಲಿಗೆಪೆಟ್ಟಿಗೆಯ ತಳದಲ್ಲಿದೆ, ಉಣ್ಣೆಯುಂಡೆಗಳ ಕೆಳಗೆ.
ಎಲ್ಲೂ ಅಚ್ಚಾಗಿಲ್ಲ. ಅಚ್ಚಾಗದ್ದು ಆಧಾರವಲ್ಲ.
ಎಷ್ಟು ಜನಕ್ಕೆ ನಾನೇ ಹೇಳಿಲ್ಲ ಈ ಮಾತು,
ಎಷ್ಟು ತಣ್ಣಗೆ!

ಹೆತ್ತವರಿಗೆ ಹೆಗ್ಗಣ ಮುದ್ದು.
ಹುಟ್ಟಿದವರಿಗೂ ಹಾಗೇ ಇರಬೇಕು.

ಬೆರಳು ‘ಸಂಪಾದಿಸಿ’ಯ ಮೇಲೆ ಹೋಗಿ ನಿಂತಿತು.
ಬೇರೆ ಹೆಸರಲ್ಲಿ ಬರಬಹುದಿತ್ತು, ಯಾರಿಗೆ ತಿಳಿಯುತ್ತೆ?
ಎದ್ದು ಪಾತ್ರೆ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ.
ಬಂದು ಚರ್ಚೆಯ ಪುಟದಲ್ಲಿ ಬರೆದೆ:
“ಈ ಕಪ್ತಾನ ನನ್ನ ತಂದೆ. ನಾನಿದನ್ನು ಮುಟ್ಟುವುದಿಲ್ಲ.
ವಿಚಾರಣೆಯ ವರದಿ ತೋರ್ಸ್‌ಹಾವ್ನ್‌ನ ದಫ್ತರದಲ್ಲಿರಬಹುದು.
ಸಂಬಂಧವಿಲ್ಲದ ಯಾರಾದರೂ ನೋಡುವಿರಾ?”

ಮೂರನೆಯ ದಿನ ಹೋಗ್ನಿಯ ಉತ್ತರ.
ಕಟ್ಟುನಿಟ್ಟಿನವನು, ನನ್ನ ಎಷ್ಟೋ ಸಾಲು ಕಿತ್ತುಹಾಕಿದವನು.
“ನನ್ನಿಂದಲೂ ಆಗದು.
ಆ ಮೂವರಲ್ಲಿ ಒಬ್ಬ ನನ್ನ ಸೋದರಮಾವ.”
ಕೆಳಗೆ ಸಹಿ. ಹೊತ್ತು, ಬೆಳಗಿನ ಜಾವ ನಾಲ್ಕು ಹತ್ತು.

ಈಗ ಇಬ್ಬರೂ ಕಾಯುತ್ತಿದ್ದೇವೆ
ಈ ಕಡಲನ್ನೇ ನೋಡದ ಯಾರೋ ಒಬ್ಬರಿಗೆ.
ದಿನಕ್ಕೊಮ್ಮೆ ಹೋಗಿ ನೋಡುತ್ತೇನೆ, ಅವನೂ ನೋಡುತ್ತಿರಬೇಕು.
ಸಾಲು ಹಾಗೇ ಇದೆ,
ಕೊನೆಯ ಚುಕ್ಕಿಯಿಲ್ಲದೆ