ತೂಕದ ಚೀಟಿ

ಬ್ಯಾಲರಾಟ್‌ನಿಂದ ಟಾರ್ನೀಟ್‌ಗೆ ಹೋಗಿ ಬಂದರೆ ಇನ್ನೂರು ಕಿಲೋಮೀಟರ್.
ಹಳೇ ವ್ಯಾನು ನೂರಕ್ಕೆ ಹನ್ನೊಂದು ಲೀಟರ್ ಕುಡಿಯುತ್ತದೆ;
ಸಂಜೆ ಪೆಂಟ್ಲೆಂಡ್ ದಿಬ್ಬ ಏರುವಾಗ ಎಷ್ಟೆಂದು
ನಾನು ಕೇಳಿಲ್ಲ, ಅದೂ ಹೇಳಿಲ್ಲ.

ಟೈಲ್ ಅಂಟಿನ ಖಾಲಿ ಚೀಲದ ಬೆನ್ನ ಮೇಲೆ
ದಪ್ಪ ಪೆನ್ಸಿಲ್ಲಿನಲ್ಲಿ ಲೆಕ್ಕ ಬರೆದೆ:
ದಿನಕ್ಕೆ ಇಪ್ಪತ್ತೆರಡು ಲೀಟರ್, ಲೀಟರಿಗೆ ಎರಡು ಡಾಲರ್.
ಹತ್ತು ಬಚ್ಚಲುಮನೆ ನನಗೆ,
ಹನ್ನೊಂದನೆಯದು ಡೀಸೆಲ್ಲಿಗೆ.
ರಾತ್ರಿಪಾಳಿ ಮುಗಿಸಿ ಬಂದ ನೀಲಾ ಶೂ ಬಿಚ್ಚುತ್ತ ಓದಿದಳು:
"ಕೂಡಿಸಿದ್ದು ಸರಿ ಇದೆ. ನಿನ್ನ ಸೊಂಟ ಎಲ್ಲಿ ಬರೆದಿದ್ದೀಯ?"

ಸೈಟಿನಲ್ಲಿ ತಲೆಗೊಂದು ಮಾತು.
ಟಾರ್ನೀಟಿನ ನೆಲ ಎರೆಮಣ್ಣು, ಮಳೆ ಬಿದ್ದರೆ ಕಾಲು ಬಿಡುವುದಿಲ್ಲ.
"ಗಾಡಿ ಹೂತ ದಿನ ಮೈಲೇಜು ನೆಕ್ಕುತ್ತೀಯಾ?"
ಅಂದ ಛಾವಣಿಯವನು, ಮೇಲಿನಿಂದಲೇ.

ಶನಿವಾರ ನಬೀಲನ ಅಂಗಳದಲ್ಲಿ ಮೊದಲು ಕಂಡದ್ದು ಯೂಟ್.
ಎದೆಯುಬ್ಬಿಸಿ ನಿಂತಿತ್ತು,
ಕಾಂಗರೂ ಅಡ್ಡ ಬಂದೀತೆಂದು ಮೂತಿಗೆ
ಎತ್ತಿನ ಬಾಯಿಕುಕ್ಕೆಯಂಥ ಕಬ್ಬಿಣ ಕಟ್ಟಿಕೊಂಡು.
"ಮೂರೂವರೆ ಟನ್ ಎಳೆಯುತ್ತೆ," ಅಂದ.
ನಾನು ಎಳೆಯುವುದು ಬಕೆಟ್ಟು, ನೀರಿನ ಗರಗಸ, ಮತ್ತು ದಿನ.

ಆಮೇಲೆ ಹೈಬ್ರಿಡ್. ಪುಟ್ಟದು, ಸದ್ದೇ ಇಲ್ಲ,
ನೂರಕ್ಕೆ ನಾಲ್ಕೇ ಲೀಟರ್, ನಿತ್ಯ ಏಕಾದಶಿ.
ಸೆಮಿಸಿಯನ್ನು ಕೂರಿಸಿ ನೋಡಿದೆ.
ಮೊಣಕಾಲು ಗಲ್ಲಕ್ಕೆ ತಾಗಿತು. "ಚೆನ್ನಾಗಿದೆ," ಅಂದ, ಉಸಿರು ಬಿಗಿಹಿಡಿದು.
ಆರು ವರ್ಷದಿಂದ ನನ್ನ ಪಕ್ಕ ಕೂತು
ಬ್ಯಾಕಸ್ ಮಾರ್ಷ್ ದಾಟುವವರೆಗೆ ಗೊರಕೆ ಹೊಡೆಯುವ ಮನುಷ್ಯ;
ಸುಳ್ಳು ಹೇಳಲು ಬರುವುದಿಲ್ಲ ಅವನಿಗೆ.

ಬ್ಯಾಟರಿ ವ್ಯಾನೂ ಇತ್ತು. ಬೆಲೆ ಓದಿ
ಬಾಗಿಲು ಮೆತ್ತಗೆ ಮುಚ್ಚಿದೆ,
ಕೂಸು ಮಲಗಿದ ಕೋಣೆಯದನ್ನು ಮುಚ್ಚುವ ಹಾಗೆ.

ವಾಪಸು ಬರುವಾಗ ಕಸದ ಡಿಪೋದ ತೂಕದ ಕಟ್ಟೆ.
ಯಾಕೋ ವ್ಯಾನು ಏರಿಸಿದೆ. ಕಿಟಕಿಯ ಹೆಂಗಸು ಚೀಟಿ ಹರಿದು ಕೊಟ್ಟಳು.
ಬರೀ ಗಾಡಿಯ ತೂಕ ಕಳೆದೆ, ಸಾಮಾನಿನದು ಕಳೆದೆ, ನನ್ನದು ಕಳೆದೆ.
"ನನ್ನ ನೂರಾ ಹದಿನೆಂಟನ್ನೂ ಕಳಿ," ಅಂದ ಸೆಮಿಸಿ, ದಾನಶೂರನಂತೆ.
ಇನ್ನೂ ಮುನ್ನೂರು ಕೇಜಿ ಉಳಿಯಿತು.

ಹಿಂಬಾಗಿಲು ತೆಗೆದೆವು.
ಪ್ರತಿ ಮನೆಯಲ್ಲೂ ಮಿಕ್ಕ ನಾಲ್ಕು ಟೈಲು, ಆರು ಟೈಲು,
ಒಡೆದರೆ ಬೇಕಾದೀತು, ಅದೇ ಬಣ್ಣ ಮತ್ತೆ ಸಿಗದು ಎಂದು ಇಟ್ಟದ್ದು.
ಮೆಲ್ಟನ್ನಿನ ಅಡುಗೆಮನೆಯ ಬೂದಿಬಣ್ಣ,
ರಾಕ್‌ಬ್ಯಾಂಕಿನ ಹಸಿರು ಷಟ್ಕೋನ,
ಕೂಲಿ ಬಾಕಿಯಿಟ್ಟು ಮನೆ ಮಾರಿ ಹೋದವರ ಅಮೃತಶಿಲೆ.
ಯಾರೂ ಒಮ್ಮೆಯೂ ಫೋನು ಮಾಡಿರಲಿಲ್ಲ.
ಯಾರು ಯಾರದೋ ಮುನ್ನೂರು ಕೇಜಿ ನೆಲ
ದಿನಾ ನನ್ನ ಜೊತೆ ದಿಬ್ಬ ಹತ್ತಿ
ಮಲಗಲು ಮನೆಗೆ ಬರುತ್ತಿತ್ತು.

ಇಳಿಸಿದೆವು. ಹಸಿರು ಷಟ್ಕೋನ ಒಂದು ಮಾತ್ರ
ಸೆಮಿಸಿಯ ಕಾಲ ಬಳಿ ಉಳಿದಿದೆ, ಟೀ ಲೋಟ ಇಡಲು.
ಸೋಮವಾರ ಹನ್ನೊಂದು ಒಂಬತ್ತೂವರೆಯಾಯಿತು.
ಆ ಒಂಬತ್ತೂವರೆಯೂ ಜಾಸ್ತಿಯೇ; ಹಿಂದೆ ಖಾಲಿ ತಗಡು
ದಾರಿಯುದ್ದಕ್ಕೂ ಗದಗದ ಮಾತಾಡುತ್ತದೆ.

ನಬೀಲನ ಬಳಿ ನಡುಗಾತ್ರದ ಬಿಳಿ ವ್ಯಾನೊಂದಿದೆ,
ನೂರಕ್ಕೆ ಆರೂವರೆಯಂತೆ, ಬಾಗಿಲಲ್ಲಿ ನೆಗ್ಗು.
ಶುಕ್ರವಾರ ಟೇಪು ಹಿಡಿದು ಹೋಗುತ್ತೇನೆ.
ಎಡಗಡೆಯ ಸೀಟು ಎಷ್ಟು ಹಿಂದಕ್ಕೆ ಸರಿಯುತ್ತದೆ,
ಮೊದಲು ಅದನ್ನು ಅಳೆಯಬೇಕು.